ತವರಿಲ್ಲದ ಕಾರು

ನಾನೂರೈವತ್ತು ಪೌಂಡು. ಅದರಲ್ಲಿ ಮೂವತ್ತು ಚಿಲ್ಲರೆ.
ನೋಟುಗಳಿಗೆ ಬೇಕರಿಯ ರಾತ್ರಿಪಾಳಿಯ ಹಿಟ್ಟು ಅಂಟಿತ್ತು.
ಮಾರಿದವನು ಮುದುಕಿಯ ಅಳಿಯ. ಎಣಿಸಲೂ ಇಲ್ಲ.
‘ಅಷ್ಟಕ್ಕೂ ರೋವರ್ ತಾನೆ’ ಅಂದ,
ತಿಂಗಳುಗಟ್ಟಲೆ ಝಂಡಾ ಊರಿದ್ದ ನೆಂಟನನ್ನು
ಕೊನೆಗೂ ಬಸ್ಸು ಹತ್ತಿಸಿದವನ ಹಾಗೆ.

ಬಣ್ಣ ಹಸಿರು. ಕಾಗದದಲ್ಲಿ ಅದಕ್ಕೊಂದು ಘನವಾದ ಹೆಸರಿದೆ,
ರೇಸಿನ ಕಾಲದ್ದು.
ಛಾವಣಿ ಮಾತ್ರ ಬಿಸಿಲಿಗೆ ಬೆಂದ ಬಟಾಣಿ.
ಮೂತಿಯ ಬಿಲ್ಲೆಯಲ್ಲಿ ಹಾಯಿ ಬಿಚ್ಚಿದ ಹಡಗು.
ಹೇಲ್ಸೋವೆನ್‌ನಿಂದ ಯಾವ ದಿಕ್ಕಿಗೆ ತಿರುಗಿದರೂ
ಸಮುದ್ರ ಸಿಗುವ ಮೊದಲು
ಇದಕ್ಕೆ ಎರಡು ಸಲ ನೀರು ಕುಡಿಸಬೇಕು.

ದಿನಾ ಬೆಳಗ್ಗೆ, ಪಾಳಿ ಮುಗಿಸಿ ಬಂದು,
ಆಯಿಲ್ ಮುಚ್ಚಳ ತಿರುವಿ ಒಳಗೆ ಬೆರಳಾಡಿಸುತ್ತೇನೆ.
ಕಪ್ಪಗಿದ್ದರೆ ಕ್ಷೇಮ.
ಬಿಳೀ ಮೊಸರು ಕಂಡಿತೋ, ಹೆಡ್ ಗ್ಯಾಸ್ಕೆಟ್ ಹೋಯಿತು,
ಅದರ ಹಿಂದೆಯೇ ನನ್ನ ಬೇಸಿಗೆಯೂ.
ಎದುರುಮನೆಯ ಹುಡುಗ ಕಿಟಕಿಯಿಂದ
ಹೆಬ್ಬೆರಳು ಎತ್ತಿ ಕೇಳುತ್ತಾನೆ: ಮೇಲೋ, ಕೆಳಗೋ?
ಇವತ್ತು ಮೇಲೆ.

ಬ್ಯಾಟರಿ ಬದಲಿಸಿದ ದಿನದಿಂದ
ರೇಡಿಯೋ ಒಂದೇ ಹಟ ಹಿಡಿದಿದೆ: ಕೋಡ್ ಹೇಳು.
ನಾಲ್ಕೇ ಅಂಕಿ. ಹೇಳದಿದ್ದರೆ
ಬಾಯಿ ಬಿಡುವುದಿಲ್ಲ,
ಬಾಯೊಳಗೆ ಸಿಕ್ಕಿಕೊಂಡ ಕ್ಯಾಸೆಟ್ಟನ್ನೂ ಕೊಡುವುದಿಲ್ಲ.
ಕಂಪನಿಯನ್ನು ವಿಚಾರಿಸಿ ಅನ್ನುತ್ತದೆ ಕೈಪಿಡಿ, ಪುಟ ಎಪ್ಪತ್ತೊಂದು.
ಆ ನಂಬರಿಗೆ ಫೋನು ಮಾಡಿದರೆ
ನಾಯಿಗಳ ಕೂದಲು ಕತ್ತರಿಸುವ ಒಬ್ಬ ಹೆಂಗಸು ಎತ್ತಿದಳು.
‘ನೀವೂ ರೋವರಾ?’ ಅಂದಳು ಪಾಪ,
ಸತ್ತವರ ಮನೆಯ ದಾರಿ ತೋರಿಸಿ ಅಭ್ಯಾಸವಾದ ದನಿಯಲ್ಲಿ.

ಒಂದು ಭಾನುವಾರ ಅದನ್ನು ತವರಿಗೆ ಓಡಿಸಿದೆ.
ಲಾಂಗ್‌ಬ್ರಿಡ್ಜ್. ಮೈಲುದ್ದದ ಶೆಡ್ಡುಗಳಿದ್ದಲ್ಲಿ
ಸೂಪರ್ ಮಾರ್ಕೆಟ್ಟು, ಕಾಫಿ ಅಂಗಡಿ, ಎಳೇ ಮರಗಳಿಗೆ ಊರುಗೋಲು.
ಹೆತ್ತ ಜಾಗದಲ್ಲಿ ಮಗಳಿಗೆ
ಎರಡು ಗಂಟೆ ಉಚಿತ ನಿಲುಗಡೆ,
ಮೀರಿದರೆ ಎಪ್ಪತ್ತು ಪೌಂಡು ದಂಡ.

ಟ್ರಾಲಿ ಬಿಟ್ಟು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ ಒಬ್ಬ ಮುದುಕ.
ಜ್ವರ ನೋಡುವ ಹಾಗೆ.
ವಿಲ್ಫ್ ಟ್ರಾಂಟರ್, ಬಿಡಿಭಾಗಗಳ ಉಗ್ರಾಣ, ಇಪ್ಪತ್ತೊಂಬತ್ತು ವರ್ಷ.
‘ಮೊಟ್ಟೆ ಇಟ್ಟಿದ್ದಾರಲ್ಲ, ಅಲ್ಲಿ ಪೇಂಟ್ ಶಾಪು.
ಬೆಕ್ಕಿನ ತಿಂಡಿ ಇರುವಲ್ಲಿ ನಾನು.’
ಬೇರೇನೂ ಹೇಳಲಿಲ್ಲ. ಸ್ಕ್ರೂಡ್ರೈವರ್ ಇದೆಯಾ ಅಂದ.
ರೇಡಿಯೋ ಎಳೆದು, ಬೆನ್ನಿನ ನಂಬರು ಓದಿ,
ಮೊಟ್ಟೆಯ ರಸೀತಿಯ ಮೇಲೆ ಬರೆದುಕೊಂಡ.
ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ
ಒಂದು ಪಟ್ಟಿ ಇದೆಯಂತೆ.
ಕಂಪನಿ ಮುಚ್ಚಿದ ದಿನ ಎಲ್ಲರೂ ಏನೇನೋ ಹೊತ್ತೊಯ್ದರು,
ಇವನು ಅದನ್ನು.

ಸೋಮವಾರ ಫೋನು ಬಂತು. ನಾಲ್ಕು ಅಂಕಿ.
ದುಡ್ಡು ಬೇಡವೆಂದ. ಎರಡು ಬ್ರೆಡ್ಡು ತಗೊಂಡ.

ಒತ್ತಿದೆ. ಕರಕರ ಸದ್ದು. ಆಮೇಲೆ ಒಂದು ಹೆಣ್ಣುದನಿ,
ನಿಧಾನ, ಮಕ್ಕಳಿಗೆ ಹೇಳಿಕೊಡುವ ಹಾಗೆ:
ಓಂದೆ ಫೀಕಾ ಉ ಪೋರ್ಟು?
ಬಂದರು ಎಲ್ಲಿದೆ?
ಆಮೇಲೆ ಮೌನ. ತಿರುಗಿ ಹೇಳಲಿಕ್ಕೆಂದು
ಟೇಪಿನಲ್ಲೇ ಬಿಟ್ಟ ಜಾಗ.

ಅಳಿಯನಿಗೆ ಕೇಳಿದೆ. ಪೋರ್ಚುಗೀಸಾ? ಅವರಿಗಾ? ಅಂತ ನಕ್ಕ.
ಈನಿಡ್ ಪಾರ್ಜೆಟರ್, ಎಂಬತ್ತೆಂಟು.
ಚರ್ಚು, ಔಷಧಿ ಅಂಗಡಿ, ಬುಧವಾರ ತಂಗಿಯ ಮನೆ.
ಮೂವತ್ತೊಂದು ಸಾವಿರ ಮೈಲಿ,
ಒಂದೂ ನೀರಿನ ಅಂಚು ಮುಟ್ಟಿದ್ದಲ್ಲ.
ಆದರೆ ಟೇಪು ಸವೆದಿದೆ. ನಾಲ್ಕನೇ ಪಾಠದ ಹತ್ತಿರ
ದನಿ ನೀರಿನಡಿಯಿಂದ ಬಂದಂತೆ ಅದುರುತ್ತದೆ,
ಅಷ್ಟು ಸಲ ಹಿಂದಕ್ಕೆ ಸುತ್ತಿ ಕೇಳಿದ್ದಾಳೆ.

ಗುಜರಿಯವನು ನೂರೆಂಬತ್ತು ಹೇಳಿದ್ದಾನೆ.
ಗುರುವಾರ ವಾರ್ಷಿಕ ತಪಾಸಣೆ: ಹಿಂದಿನ ಚಕ್ರದ ಕಮಾನು ತುಕ್ಕು,
ಕೈಬ್ರೇಕು ದೇವರ ದಯೆ.
ನಸುಕಿನ ನಾಲ್ಕಕ್ಕೆ ಖಾಲಿ ವರ್ತುಲದಲ್ಲಿ
ಬೇಕಿದ್ದಕ್ಕಿಂತ ಒಂದು ಸುತ್ತು ಹೆಚ್ಚು ಹಾಕುತ್ತೇನೆ.
ಏಳನೇ ಪಾಠ ನಡೆಯುತ್ತಿದೆ.
ಅವಳು ಬಿಟ್ಟ ಜಾಗದಲ್ಲಿ ಜೋರಾಗಿ ಹೇಳುತ್ತೇನೆ:
ನನಗೊಂದು ಕೋಣೆ ಬೇಕು,
ಕಿಟಕಿ ನೀರಿನ ಕಡೆಗಿರಲಿ,
ಎರಡು ರಾತ್ರಿಗೆ ಸಾಕು.